‘ಬರೀ ಮಣ್ಣಲ್ವಾ ಮೇಡಂ?’: ಮನೆ ಕಟ್ಟುವಾಗ ಮೋರಿ ಕಾಯುವ ಬಗೆ

ಪ್ರಶ್ನೆ: ಕಸವನಹಳ್ಳಿ ಹತ್ತಿರ ನಮ್ಮದೊಂದು 30×40 ಸೈಟು. ಮನೆ ಕೆಲಸ ಶುರುವಾಗಿ ಒಂದು ತಿಂಗಳಾಯಿತು. ಪಾಯ ತೆಗೆದ ಮಣ್ಣನ್ನು ರಸ್ತೆ ಪಕ್ಕ ಗುಡ್ಡೆ ಹಾಕಿದ್ದೆವು, ಎಂ-ಸ್ಯಾಂಡೂ ಅಲ್ಲೇ ಇತ್ತು. ಹೋದ ವಾರದ ಒಂದೇ ಮಳೆಗೆ ಅರ್ಧ ಗುಡ್ಡೆ ಮೋರಿ ಸೇರಿತು. ಎದುರುಮನೆಯವರ ಗೇಟಿನ ತನಕ ಕೆಂಪು ನೀರು ನಿಂತು, ಅವರು ಜಗಳಕ್ಕೇ ಬಂದರು. ಮೇಸ್ತ್ರಿಯನ್ನು ಕೇಳಿದರೆ ‘ಬರೀ ಮಣ್ಣಲ್ವಾ ಮೇಡಂ, ಇನ್ನೊಂದು ಮಳೆ ಬಂದ್ರೆ ಕೊಚ್ಕೊಂಡು ಹೋಗುತ್ತೆ’ ಅಂತಾರೆ. ಮಣ್ಣು ಮೋರಿಗೆ ಹೋದರೆ ನಿಜಕ್ಕೂ ಅಷ್ಟೊಂದು ತೊಂದರೆಯೇ? ಇಷ್ಟು ಚಿಕ್ಕ ಸೈಟಿನಲ್ಲಿ ಏನು ಮಾಡಬಹುದು? ಮೋರಿಯ ಕಿಂಡಿಗೆ ಬಟ್ಟೆ ಕಟ್ಟಿಬಿಟ್ಟರೆ ಸಾಕೇ?

ಉತ್ತರ: ನಿಮ್ಮ ಮೇಸ್ತ್ರಿ ಹೇಳಿದ್ದು ಅರ್ಧ ನಿಜ. ಇನ್ನೊಂದು ಮಳೆ ಬಂದರೆ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮಾತ್ರ ಅವರು ಹೇಳಲಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ಗೊತ್ತಾದರೆ ಉಳಿದದ್ದನ್ನು ನೀವೇ ಅರ್ಧ ಊಹಿಸಿಕೊಳ್ಳುತ್ತೀರಿ.

ನಿಮ್ಮ ಮನೆ ಮುಂದಿನ ಮೋರಿ ದೊಡ್ಡ ಮೋರಿಗೆ ಸೇರುತ್ತದೆ, ಅದು ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ. ನಿಮ್ಮ ಭಾಗದಲ್ಲಿ ಕಸವನಹಳ್ಳಿ ಕೆರೆ, ಕೈಕೊಂಡ್ರಹಳ್ಳಿ ಕೆರೆ, ಸೌಳು ಕೆರೆ ಹೀಗೆ ಒಂದರ ಕೆಳಗೊಂದು ಕೆರೆಗಳ ಸಾಲೇ ಇದೆ. ಕೊನೆಗೆ ನೀರು ವರ್ತೂರು ಕೆರೆ ಮುಟ್ಟಿ ದಕ್ಷಿಣ ಪಿನಾಕಿನಿಗೆ ಇಳಿಯುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು ಎಂಬುದು ಈ ಊರಿನ ಹಳೆಯ ಲೆಕ್ಕ. ಸುಮಾರು 900 ಮೀಟರ್ ಎತ್ತರದ ದಿಣ್ಣೆ ಮೇಲೆ ಕೂತಿರುವ, ಹತ್ತಿರದಲ್ಲಿ ದೊಡ್ಡ ನದಿಯೇ ಇಲ್ಲದ ಬೆಂಗಳೂರು ನೀರು ಉಳಿಸಿಕೊಂಡದ್ದೇ ಈ ಏರ್ಪಾಟಿನಿಂದ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ನಾನು ಮಾತಾಡಿಸಿದ ಮನೆ ಕಟ್ಟುವವರಲ್ಲಿ ಹೆಚ್ಚಿನವರು ಮೋರಿ ನೀರು ಎಲ್ಲೋ ಶುದ್ಧವಾಗಿ ಮುಂದೆ ಹೋಗುತ್ತದೆ ಅಂದುಕೊಂಡಿರುತ್ತಾರೆ. ಶುದ್ಧೀಕರಣ ಘಟಕಕ್ಕೆ ಹೋಗಬೇಕಾದ್ದು ಯುಜಿಡಿ ನೀರು, ಅಂದರೆ ಜಲಮಂಡಳಿಯ ಒಳಚರಂಡಿಗೆ ಬಿಟ್ಟ ಬಚ್ಚಲು, ಶೌಚಾಲಯದ ನೀರು. ಮೋರಿ ಇರುವುದು ಮಳೆನೀರಿಗೆ. ನಿಮ್ಮ ಗೇಟಿಗೂ ಕೆರೆಗೂ ನಡುವೆ ಸೋಸುವ ವ್ಯವಸ್ಥೆ ಅನ್ನುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಭಿವೃದ್ಧಿಪಡಿಸಿದ ಕೆಲವು ಕೆರೆಗಳ ಬಾಯಲ್ಲಿ ಹೂಳು ಹಿಡಿಯುವ ಗುಂಡಿ, ಕಸ ತಡೆಯುವ ಜಾಲರಿ ಕಟ್ಟಿದ್ದಾರೆ. ಅವು ದಪ್ಪ ಮರಳನ್ನೂ ಪ್ಲಾಸ್ಟಿಕ್ಕನ್ನೂ ಹಿಡಿಯುತ್ತವೆ. ನಿಮ್ಮ ಸೈಟಿನ ಕೆಂಪನ್ನು ಹಿಡಿಯುವುದಿಲ್ಲ. ಯಾಕೆ ಅನ್ನುವುದನ್ನು ನೀವೇ ಕಣ್ಣಾರೆ ನೋಡಬಹುದು.

ಒಂದು ಲೀಟರಿನ ಖಾಲಿ ನೀರಿನ ಬಾಟಲಿ ತೆಗೆದುಕೊಳ್ಳಿ. ಪಾಯದ ಮಣ್ಣು ಒಂದು ಹಿಡಿ ಹಾಕಿ, ಮುಕ್ಕಾಲು ನೀರು ತುಂಬಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ, ಅಡುಗೆಮನೆ ಕಟ್ಟೆ ಮೇಲಿಡಿ. ನೀವು ಹತ್ತು ಎಣಿಸುವಷ್ಟರಲ್ಲಿ ತಳದಲ್ಲಿ ಮರಳು ಕೂತಿರುತ್ತದೆ. ಕಾಫಿ ಕುಡಿದು ಬರುವಷ್ಟರಲ್ಲಿ ಅದರ ಮೇಲೆ ನುಣುಪಾದ ಇನ್ನೊಂದು ಪದರ ಕಾಣುತ್ತದೆ. ಮೇಲಿನ ನೀರು ಮಾತ್ರ ಇಟ್ಟಿಗೆ ಬಣ್ಣದಲ್ಲೇ ಇರುತ್ತದೆ. ರಾತ್ರಿ ಮಲಗಿ ಬೆಳಿಗ್ಗೆ ಎದ್ದು ನೋಡಿದರೂ ಬಣ್ಣ ತೆಳುವಾಗಿರುತ್ತದೆಯೇ ಹೊರತು ಹೋಗಿರುವುದಿಲ್ಲ. ಆ ಬಾಟಲಿಯನ್ನು ನಿಮ್ಮ ಮೇಸ್ತ್ರಿ ಕೈಗೆ ಕೊಡಿ. ನಾನು ಹೋದ ಸೈಟುಗಳಲ್ಲೆಲ್ಲ ನನ್ನ ಮಾತಿಗಿಂತ ಅದೇ ಹೆಚ್ಚು ಕೆಲಸ ಮಾಡಿದೆ.

ಲೆಕ್ಕ ಹೀಗಿದೆ. ನಿಂತ ನೀರಿನಲ್ಲಿ ಒಂದು ಮೀಟರ್ ಕೆಳಗಿಳಿಯಲು ಮಿಲಿಮೀಟರಿನ ಹತ್ತನೇ ಒಂದು ಭಾಗ ಗಾತ್ರದ ಸಣ್ಣ ಮರಳಿಗೆ ಸುಮಾರು ಎರಡು ನಿಮಿಷ ಸಾಕು. ಅದರ ಹತ್ತರಲ್ಲೊಂದು ಗಾತ್ರದ ಕಣಕ್ಕೆ ಮೂರು ಗಂಟೆಗೂ ಮೇಲೆ ಬೇಕು. ಇನ್ನೂ ಹತ್ತರಲ್ಲೊಂದು, ಅಂದರೆ ಜೇಡಿಯ ಕಣಕ್ಕೆ, ಹೆಚ್ಚುಕಡಿಮೆ ಎರಡು ವಾರ. ಇದು ನೀರು ಅಲ್ಲಾಡದೆ ನಿಂತಿದ್ದಾಗಿನ ಮಾತು. ಮಳೆಯ ದಿನ ರಾಜಕಾಲುವೆಯಲ್ಲಿ ನೀರು ನಿಲ್ಲುವುದೆಲ್ಲಿ ಬಂತು? ಮರಳು ಮೋರಿಯಲ್ಲಿ ಕೂರುತ್ತದೆ, ಜೇಡಿ ಕೆರೆಗೆ ಹೋಗುತ್ತದೆ. ಒಂದೇ ಗುಡ್ಡೆಯಿಂದ ಎರಡು ಬೇರೆ ಬೇರೆ ಹಾನಿ.

ಮೊದಲು ಮರಳಿನದು. ನಿಮ್ಮ ಬೀದಿ ಮೋರಿ ಒಂದೂವರೆ ಅಡಿ ಅಗಲ, ಎರಡು ಅಡಿ ಆಳ ಅಂತಿಟ್ಟುಕೊಳ್ಳಿ. ಅದರ ತಳದಲ್ಲಿ ಆರು ಇಂಚು ಮಣ್ಣು ಕೂತರೆ ನೀರು ಸಾಗಿಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 30 ಪಾಲು ಹೋಗುತ್ತದೆ. ಒಂದು ಅಡಿ ಕೂತರೆ ಅರ್ಧ ಉಳಿಯಿತು ಅನ್ನುವ ಹಾಗಿಲ್ಲ, ಅರ್ಧಕ್ಕಿಂತ ಹೆಚ್ಚೇ ಹೋಗಿರುತ್ತದೆ. ನೀರಿನ ಆಳ ಕಡಿಮೆಯಾದಷ್ಟೂ ತಳ ಮತ್ತು ಗೋಡೆಯ ಉಜ್ಜಾಟ ಹೆಚ್ಚಾಗಿ ವೇಗವೂ ಇಳಿಯುವುದೇ ಅದಕ್ಕೆ ಕಾರಣ. ನೂರು ಅಡಿ ಉದ್ದಕ್ಕೆ ಆರು ಇಂಚು ಹೂಳು ಅಂದರೆ 75 ಘನ ಅಡಿ ಮಣ್ಣು, ಒಂದು ಟ್ರ್ಯಾಕ್ಟರ್ ಲೋಡಿಗೂ ಕಡಿಮೆ. ನಿಮ್ಮ ಅರ್ಧ ಗುಡ್ಡೆ ಎಷ್ಟಿತ್ತು ಅನ್ನುವುದು ನಿಮಗೇ ಗೊತ್ತು.

2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಯಮಲೂರು, ಬೆಳ್ಳಂದೂರು ಭಾಗಗಳಲ್ಲಿ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಹೊರಗೆ ತಂದದ್ದನ್ನು ನೀವು ಮರೆತಿರಲಾರಿರಿ. ಆ ಪ್ರವಾಹಕ್ಕೆ ಮನೆ ಕಟ್ಟುವವರ ಮಣ್ಣೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ವಿಪರೀತ ಮಳೆ, ತುಂಬಿ ಕೋಡಿ ಬಿದ್ದ ಕೆರೆಗಳು, ಒತ್ತುವರಿಯಾಗಿ ಕಿರಿದಾದ ರಾಜಕಾಲುವೆಗಳು ಎಲ್ಲ ಸೇರಿದ್ದವು. ಆದರೆ ಮೊದಲೇ ಕಿರಿದಾದ ಕಾಲುವೆಯ ತಳಕ್ಕೆ ಹೂಳೂ ತುಂಬಿದರೆ ನೀರು ಬೇರೆ ದಾರಿ ಹುಡುಕದೆ ಇನ್ನೇನು ಮಾಡೀತು?

ಒಮ್ಮೆ ಒಂದು ಬಡಾವಣೆಯಲ್ಲಿ ಚಪ್ಪಡಿ ಎತ್ತಿಸಿ ಮೋರಿಯ ಹೂಳು ಅಳೆಯುತ್ತಿದ್ದೆವು. ಮೇಲೆ ಎರಡು ಇಂಚು ಕಪ್ಪು ಕೆಸರು, ಹಾಲಿನ ಪ್ಯಾಕೆಟ್ಟು. ಅದರ ಕೆಳಗೆ ಶುದ್ಧ ಎಂ-ಸ್ಯಾಂಡ್, ಈಗ ತಾನೇ ಕ್ವಾರಿಯಿಂದ ಬಂದ ಹಾಗೆ ಬೂದು ಬಣ್ಣ. ಅದರ ಕೆಳಗೆ ಹಾರೆ ಠಣ್ ಅಂದಿತು. ತಳ ಸಿಕ್ಕಿತು ಅಂದುಕೊಂಡೆವು. ತಳವಲ್ಲ, ಯಾರೋ ಕಾಂಕ್ರೀಟ್ ಮಿಕ್ಸರ್ ತೊಳೆದು ಬಿಟ್ಟ ಸಿಮೆಂಟ್ ಹಾಲು ಮರಳಿನೊಂದಿಗೆ ಬೆರೆತು ಗಟ್ಟಿಯಾಗಿ, ಮೋರಿಯೊಳಗೆ ಇನ್ನೊಂದು ನೆಲ ಹಾಕಿತ್ತು. ನಿಜವಾದ ತಳ ಅದಕ್ಕೂ ಒಂಬತ್ತು ಇಂಚು ಕೆಳಗಿತ್ತು. ಅದನ್ನು ಒಡೆಯಲು ನಾಲ್ಕು ಜನ ಎರಡು ದಿನ ಸುತ್ತಿಗೆ ಹಿಡಿದರು. ಆ ಬೀದಿಯಲ್ಲಿ ಮಳೆ ಬಂದಾಗಲೆಲ್ಲ ನೀರು ನುಗ್ಗುತ್ತಿದ್ದ ಮನೆಯವರು ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು.

ಇನ್ನು ಜೇಡಿಯ ಹಾನಿ. ಅದು ಕಣ್ಣಿಗೆ ಬೀಳುವುದು ಕಡಿಮೆ. ಸಣ್ಣ ಕಣಕ್ಕೆ ಅದರ ಗಾತ್ರಕ್ಕೆ ಹೋಲಿಸಿದರೆ ಮೈ ಬಹಳ ಹೆಚ್ಚು. ರಸ್ತೆ ಮೇಲಿನ ಎಣ್ಣೆ, ಟೈರ್ ಸವೆದ ಪುಡಿಯಲ್ಲಿನ ಸತು, ಬ್ರೇಕಿನಿಂದ ಉದುರಿದ ತಾಮ್ರ, ಗೊಬ್ಬರ ಮತ್ತು ಸೋಪಿನ ರಂಜಕ ಎಲ್ಲವೂ ಆ ಮೈಗೆ ಅಂಟಿಕೊಂಡು ಕೆರೆಗೆ ಸವಾರಿ ಮಾಡುತ್ತವೆ. ಕೆರೆ ನೀರು ಕದಡಿದರೆ ಬಿಸಿಲು ಒಳಗಿಳಿಯುವುದಿಲ್ಲ, ನೀರೊಳಗಿನ ಗಿಡ ಸಾಯುತ್ತದೆ, ಮೀನಿನ ಮೊಟ್ಟೆ ಮೇಲೆ ಮಣ್ಣು ಮುಚ್ಚಿಕೊಳ್ಳುತ್ತದೆ. ತಳದಲ್ಲಿ ಕೂತ ರಂಜಕವನ್ನು ಉಂಡು ಅಂತರಗಂಗೆ ಹಬ್ಬುತ್ತದೆ. ಬೆಳ್ಳಂದೂರು ಕೆರೆಯ ನೊರೆಗೆ ಮೂಲ ಕಾರಣ ಸಂಸ್ಕರಿಸದ ಕೊಳಚೆ. ಆದರೆ ಅದರಲ್ಲಿನ ಸೋಪಿನ ಅಂಶ ತಳದ ಹೂಳಿಗೆ ಅಂಟಿ ಶೇಖರವಾಗಿ, ಜೋರು ಮಳೆಗೆ ಹೂಳು ಕದಡಿದಾಗ ಮೇಲೇಳುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಹಿಂದೆ ಕೆರೆ ಹೂಳನ್ನು ಬೇಸಿಗೆಯಲ್ಲಿ ರೈತರೇ ಗಾಡಿ ಕಟ್ಟಿಕೊಂಡು ಬಂದು ಹೊಲಕ್ಕೆ ಒಯ್ಯುತ್ತಿದ್ದರು, ಅದು ಚಿನ್ನದಂಥ ಗೊಬ್ಬರ. ನಗರದ ಕೆರೆಯ ಇವತ್ತಿನ ಹೂಳನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಿ ಎಂದು ನಾನು ಯಾರಿಗೂ ಹೇಳಲಾರೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಹಾಗಾದರೆ 30×40 ಸೈಟಿನಲ್ಲಿ ಏನು ಮಾಡುವುದು? ಒಂದು ಮಾತು ಮನಸ್ಸಿನಲ್ಲಿರಲಿ: ಎದ್ದ ಮಣ್ಣನ್ನು ಹಿಡಿಯುವುದು ಕಷ್ಟ, ಏಳದ ಹಾಗೆ ನೋಡಿಕೊಳ್ಳುವುದು ಸುಲಭ. ಜೋರು ಮಳೆಯ ದಪ್ಪ ಹನಿ ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ಬಂದು ಸಡಿಲ ಮಣ್ಣಿಗೆ ಬಡಿಯುತ್ತದೆ. ಮಣ್ಣನ್ನು ಬಿಡಿಸುವುದು ಆ ಹೊಡೆತ. ಹರಿಯುವ ನೀರು ಬಿಡಿಸಿದ್ದನ್ನು ಹೊತ್ತುಕೊಂಡು ಹೋಗುತ್ತದೆ ಅಷ್ಟೆ. ಹೊಡೆತ ತಪ್ಪಿಸಿದರೆ ಮುಕ್ಕಾಲು ಕೆಲಸ ಆದ ಹಾಗೆ.

ಅದಕ್ಕೇ ಮೊದಲನೆಯದು ಟಾರ್ಪಾಲು. ಗುಡ್ಡೆಯನ್ನು ರಸ್ತೆಯಿಂದ ಎತ್ತಿಸಿ ಸೈಟಿನ ಒಳಗೆ, ಮೋರಿಯಿಂದ ಆದಷ್ಟು ದೂರದ, ಎತ್ತರದ ಮೂಲೆಗೆ ಹಾಕಿಸಿ. ಪಾಯ ತುಂಬಲು ಬೇಕಾಗುವಷ್ಟೇ ಇಟ್ಟುಕೊಂಡು ಉಳಿದ ಮಣ್ಣನ್ನು ಅಗೆದ ವಾರವೇ ಸಾಗಿಸಿಬಿಡಿ. ಎಂ-ಸ್ಯಾಂಡ್ ಕೂಡ ಒಂದೇ ಸಲ ತರಿಸದೆ ಬೇಕಾದಾಗ ಅರ್ಧ ಲೋಡು ತರಿಸಿಕೊಳ್ಳಿ. ಸ್ವಲ್ಪ ದುಬಾರಿಯಾಗಬಹುದು, ಆದರೆ ಮೋರಿ ಪಾಲಾಗುವ ಮರಳಿಗೂ ನೀವೇ ದುಡ್ಡು ಕೊಟ್ಟಿದ್ದೀರಲ್ಲ. ಟಾರ್ಪಾಲನ್ನು ಗುಡ್ಡೆಯ ನೆತ್ತಿಗೆ ಟೋಪಿಯ ಹಾಗೆ ಹೊದಿಸಿದರೆ ಏನೂ ಪ್ರಯೋಜನವಿಲ್ಲ. ಅಂಚು ನೆಲ ಮುಟ್ಟಿ ಇನ್ನೂ ಒಂದು ಅಡಿ ಹೊರಚಾಚಬೇಕು. ಆ ಅಂಚಿನ ಮೇಲೆ ಸಾಲಾಗಿ ಭಾರ ಇರಬೇಕು. ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿದರೆ ಯಾರು ಹೊದಿಸಬೇಕು ಎಂದು ಒಬ್ಬರನ್ನು ಹೆಸರಿಟ್ಟು ಗೊತ್ತುಮಾಡಿ. ಎಲ್ಲರ ಕೆಲಸ ಅಂದರೆ ಯಾರೂ ಮಾಡುವುದಿಲ್ಲ.

ಎರಡನೆಯದು ಗುಂಡಿ. ನಿಮ್ಮ ಸೈಟು 1,200 ಚದರ ಅಡಿ. ಅದರ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಐದೂವರೆ ಸಾವಿರ ಲೀಟರ್ ನೀರು. ಅಷ್ಟನ್ನೂ ಹಿಡಿಯಲಾಗದು, ಹಿಡಿಯಬೇಕಾಗಿಯೂ ಇಲ್ಲ. ಸೈಟಿನ ತಗ್ಗು ಮೂಲೆಯಲ್ಲಿ, ಪಾಯದಿಂದ ದೂರಕ್ಕೆ, ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೂರು ಅಡಿ ಆಳದ ಒಂದು ಗುಂಡಿ ತೆಗೆಸಿ. ನೀರು ಒಂದು ಬದಿಯಿಂದ ಒಳಗೆ ಬಂದು, ಎದುರು ಬದಿಯಲ್ಲಿ ಮೇಲ್ಮಟ್ಟದಿಂದ ತುಳುಕಿ ಹೊರಗೆ ಹೋಗಬೇಕು, ತಳದಿಂದ ಅಲ್ಲ. ಹಳಬರ ಕೆರೆ ಕೋಡಿಯ ಲೆಕ್ಕವೇ ಇದು. ತುಳುಕುವ ಕಡೆ 20 ಎಂ.ಎಂ. ಜಲ್ಲಿ ತುಂಬಿದ ಗೋಣಿಚೀಲಗಳನ್ನು ಎರಡು ಸಾಲು ಒತ್ತಾಗಿ ಇಡಿ. ಮರಳು, ದಪ್ಪ ಮಣ್ಣು ಗುಂಡಿಯಲ್ಲಿ ಉಳಿಯುತ್ತದೆ. ಮೂರನೇ ಒಂದು ಭಾಗ ತುಂಬಿದಾಗ ಎತ್ತಿಸಿ ಪಾಯಕ್ಕೇ ಹಾಕಿಸಿಕೊಳ್ಳಿ. ಗುಂಡಿಯ ಸುತ್ತ ಹಲಗೆ ಕಟ್ಟಿ ಅಡ್ಡ ಮಾಡುವುದನ್ನು ಮರೆಯಬೇಡಿ, ಕೆಲಸದವರ ಮಕ್ಕಳು ಸೈಟಿನಲ್ಲೇ ಆಡುತ್ತಿರುತ್ತಾರೆ.

ಚೀಲಕ್ಕೆ ಎಂ-ಸ್ಯಾಂಡ್ ತುಂಬಬೇಡಿ, ಹರಿದರೆ ಅದೇ ಮೋರಿಗೆ ಹೋಗುತ್ತದೆ. ಸಿಮೆಂಟಿನ ಖಾಲಿ ಚೀಲವೂ ಬೇಡ. ಅದರೊಳಗೆ ಉಳಿದ ಪುಡಿ ಮೊದಲ ಮಳೆಗೇ ಹಾಲಾಗಿ ಹರಿಯುತ್ತದೆ.

ಗೇಟಿನ ಹತ್ತಿರ ಲಾರಿ, ಟ್ರ್ಯಾಕ್ಟರ್ ಒಳಗೆ ಬರುವ ದಾರಿಗೆ 40 ಎಂ.ಎಂ. ಜಲ್ಲಿಯನ್ನು ಅರ್ಧ ಅಡಿ ದಪ್ಪಕ್ಕೆ ಹಾಸಿ. ಟೈರಿಗೆ ಮೆತ್ತಿದ ಕೆಸರು ಅಲ್ಲೇ ಉದುರುತ್ತದೆ, ರಸ್ತೆಗೆ ಬರುವುದಿಲ್ಲ. ಅಷ್ಟರ ಮೇಲೂ ರಸ್ತೆಗೆ ಬಂದದ್ದನ್ನು ಸಂಜೆ ಪೊರಕೆಯಲ್ಲಿ ಗುಡಿಸಿ ಒಳಗೆ ಹಾಕಿಸಿ. ಪೈಪ್ ಹಿಡಿದು ತೊಳೆಯಬೇಡಿ. ತೊಳೆಯುವುದು ಅಂದರೆ ಮಳೆ ಮಾಡುವ ಕೆಲಸವನ್ನು ನೀವೇ ಮಾಡಿದ ಹಾಗೆ.

ಈಗ ಬಟ್ಟೆಯ ವಿಷಯ. ಬೇಡ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರಸ್ತೆ ಕೆಲಸದ ಕಡೆ ಮೋರಿಯ ಕಿಂಡಿಗಳಿಗೆಲ್ಲ ದಪ್ಪ ಬಟ್ಟೆ ಕಟ್ಟಿಸಿದೆ. ಮಣ್ಣು ಹೋಗಲಿಲ್ಲ, ಸರಿ. ನೀರೂ ಹೋಗಲಿಲ್ಲ. ಹತ್ತು ನಿಮಿಷದಲ್ಲಿ ಬಟ್ಟೆಯ ಕಣ್ಣುಗಳೆಲ್ಲ ಜೇಡಿಯಿಂದ ಮುಚ್ಚಿ, ರಸ್ತೆ ಕೆರೆಯಾಗಿ, ತಗ್ಗಿನಲ್ಲಿದ್ದ ಒಂದು ಮನೆಗೆ ನೀರು ನುಗ್ಗಿತು. ಆ ಮನೆಯಾಕೆಯ ಜೊತೆ ರಾತ್ರಿ ಹನ್ನೊಂದರ ತನಕ ನೀರು ಎತ್ತಿ ಹೊರಗೆ ಚೆಲ್ಲಿದೆ. ಒದ್ದೆಯಾದ ಅಕ್ಕಿ ಮೂಟೆಯನ್ನು ಅವರು ಮಂಚದ ಮೇಲೆ ಎತ್ತಿಟ್ಟದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಕಿಂಡಿಯನ್ನು ಮುಚ್ಚಬಾರದು, ಅದರ ಮುಂದೆ ನೀರಿನ ವೇಗ ತಗ್ಗಿಸಬೇಕು. ಕಿಂಡಿಯಿಂದ ಎರಡು ಅಡಿ ಮೇಲುಗಡೆ, ಅಂದರೆ ನೀರು ಬರುವ ದಿಕ್ಕಿನಲ್ಲಿ, ಜಲ್ಲಿ ಚೀಲಗಳನ್ನು ಅರ್ಧಚಂದ್ರಾಕಾರದಲ್ಲಿ ಒಂದೇ ಎತ್ತರಕ್ಕೆ ಇಡಿ. ಚೀಲದ ಎತ್ತರ ಫುಟ್‌ಪಾತಿನ ಅಂಚಿಗಿಂತ ಕಡಿಮೆ ಇರಲಿ. ಆಗ ಜೋರು ಮಳೆಯಲ್ಲಿ ನೀರು ಅದರ ಮೇಲೆ ಹತ್ತಿ ಮೋರಿಗೆ ಇಳಿಯುತ್ತದೆ. ಪ್ರತಿ ಮಳೆಯಾದ ಮೇಲೆ ಚೀಲದ ಹಿಂದೆ ಕೂತ ಮಣ್ಣು ತೆಗೆಯಬೇಕು. ತೆಗೆಯಲು ಆಗುವುದಿಲ್ಲ ಅನ್ನುವುದಾದರೆ ಇಡಲೇಬೇಡಿ.

ಸಿಮೆಂಟ್ ಹಾಲಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪವೂ ರಾಜಿಯಾಗುವುದಿಲ್ಲ. ಮಿಕ್ಸರ್, ಬಾಣಲಿ, ಸಲಿಕೆ ತೊಳೆದ ನೀರಿನ ಕ್ಷಾರ ಬಹಳ ತೀವ್ರ, ಪಿಎಚ್ 12ರ ಆಸುಪಾಸು. ಗಾರೆ ಕೆಲಸದವರ ಬೆರಳಸಂದಿ ಸುಲಿದಿರುವುದನ್ನು ನೋಡಿದ್ದೀರಲ್ಲ, ಮೀನಿನ ಕಿವಿರಿಗೂ ಅದೇ ಗತಿ. ಸೈಟಿನಲ್ಲೇ ಒಂದು ಸಣ್ಣ ಗುಂಡಿಗೆ ದಪ್ಪ ಪ್ಲಾಸ್ಟಿಕ್ ಹಾಸಿ ಅಲ್ಲೇ ತೊಳೆಯಲು ಹೇಳಿ. ತಿಳಿಯಾದ ನೀರನ್ನು ಮುಂದಿನ ಕಲಸಿಗೆ ಬಳಸಿಕೊಳ್ಳಬಹುದೇ ಎಂದು ನಿಮ್ಮ ಎಂಜಿನಿಯರ್ ಹತ್ತಿರ ಕೇಳಿ. ಗಟ್ಟಿಯಾದದ್ದನ್ನು ಒಡೆದು ತುಂಬುಮಣ್ಣಿಗೆ ಸೇರಿಸಬಹುದು. ರೆಡಿಮಿಕ್ಸ್ ಲಾರಿ ಬರುವುದಾದರೆ, ಕಾಂಕ್ರೀಟ್ ಸುರಿಯುವ ಚೂಟ್ (ದೋಣಿ) ತೊಳೆಯುವುದು ಈ ಗುಂಡಿಯಲ್ಲೇ ಎಂದು ಆರ್ಡರ್ ಕೊಡುವಾಗಲೇ ಮಾತಾಡಿ. ಲಾರಿ ಬಂದು ನಿಂತ ಮೇಲೆ ಡ್ರೈವರ್ ಹತ್ತಿರ ವಾದ ಮಾಡಿ ಗೆದ್ದವರನ್ನು ನಾನು ನೋಡಿಲ್ಲ.

ಪಾಯದ ಗುಂಡಿಯಲ್ಲಿ ನೀರು ನಿಂತರೆ ಪಂಪಿನ ಬಾಯನ್ನು ತಳಕ್ಕೆ ಬಿಡಬೇಡಿ. ತೂತು ಕೊರೆದ ಡ್ರಮ್ಮಿಗೆ ಸುತ್ತ ಜಲ್ಲಿ ತುಂಬಿ ಅದರೊಳಗಿಂದ ಎಳೆಸಿ, ಆ ನೀರನ್ನೂ ಮೊದಲು ಹೂಳು ಗುಂಡಿಗೇ ಬಿಡಿ.

ಇನ್ನೊಂದು ಎಚ್ಚರಿಕೆ, ಇದನ್ನು ಬಹಳ ಜನ ತಪ್ಪುತ್ತಾರೆ. ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯಿಂದೀಚೆಗೆ 30×40 ಸೈಟಿನ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ, ಆದ್ದರಿಂದ ನೀವೂ ಇಂಗುಗುಂಡಿ ತೆಗೆಸುತ್ತೀರಿ. ಅದನ್ನು ಕೆಲಸ ನಡೆಯುವಾಗ ಹೂಳು ಗುಂಡಿಯಾಗಿ ಬಳಸಬೇಡಿ. ಒಂದು ಸಲ ಜೇಡಿ ಇಳಿದು ತಳ, ಪಕ್ಕ ಮೆತ್ತಿಕೊಂಡರೆ ಮುಂದೆ ಅದು ಇಂಗುಗುಂಡಿಯಾಗಿರುವುದಿಲ್ಲ, ಬರೀ ನೀರು ನಿಲ್ಲುವ ಹೊಂಡ. ಮನೆ ಕೆಲಸ, ಅಂಗಳದ ಕೆಲಸ ಎರಡೂ ಮುಗಿದ ಮೇಲೆ ತೆಗೆಸಿ. ಆಗಲೇ ತೆಗೆಸಿದ್ದರೆ ಬಾಯಿ ಭದ್ರವಾಗಿ ಮುಚ್ಚಿಡಿ. ಹಾಗೆಯೇ ಸೈಟಿನ ಮಳೆನೀರನ್ನು ಯುಜಿಡಿ ಛೇಂಬರಿಗೆ ಬಿಡುವ ಐಡಿಯಾ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಆ ಪೈಪು ಮಳೆಯ ನೀರು ಸಾಗಿಸುವ ಗಾತ್ರದ್ದಲ್ಲ. ಕೆಳಗಿನ ಬೀದಿಯಲ್ಲಿ ಮ್ಯಾನ್‌ಹೋಲ್ ಉಕ್ಕಿ ಕೊಳಚೆಯೆಲ್ಲ ರಸ್ತೆಗೆ ಬಂದು, ಕೊನೆಗೆ ಅದೂ ಮೋರಿಯನ್ನೇ ಸೇರುತ್ತದೆ.

ಕಾನೂನಿನ ಮಾತು ಚಿಕ್ಕದು. ಕಟ್ಟಡ ತ್ಯಾಜ್ಯವನ್ನು ಉತ್ಪಾದಿಸಿದವರೇ ತಮ್ಮ ಜಾಗದೊಳಗೆ ಇಟ್ಟುಕೊಳ್ಳಬೇಕು, ಅದು ಸಂಚಾರಕ್ಕೂ ಚರಂಡಿಗೂ ಅಡ್ಡಿಯಾಗಬಾರದು ಎಂದು ಕೇಂದ್ರದ 2016ರ ನಿಯಮಗಳೇ ಹೇಳಿದವು. ಹೊಣೆ ಮೇಸ್ತ್ರಿಯದಲ್ಲ, ನಿಮ್ಮದು. ಗುತ್ತಿಗೆ ಪತ್ರದಲ್ಲಿ ಟಾರ್ಪಾಲು, ಗುಂಡಿ, ಪ್ರತಿದಿನದ ಗುಡಿಸುವಿಕೆ ಮೂರನ್ನೂ ಬರೆಸಿಬಿಟ್ಟರೆ ದಿನಾ ಬಾಯಿ ಮಾತಿನ ಜಗಳ ತಪ್ಪುತ್ತದೆ.

ಈಗಾಗಲೇ ಮೋರಿ ಸೇರಿದ ಮಣ್ಣನ್ನು ಏನು ಮಾಡುವುದು ಎಂದು ನೀವು ಕೇಳಲಿಲ್ಲ, ಆದರೆ ಮೊದಲು ಆಗಬೇಕಾದ್ದು ಅದೇ. ಮುಂದಿನ ಮಳೆ ಅದನ್ನು ಕೆಳಕ್ಕೆ ತಳ್ಳುವ ಮೊದಲು ತೆಗೆಸಬೇಕು. ತೆರೆದ, ಆಳವಿಲ್ಲದ ಮೋರಿಯಾದರೆ ಉದ್ದ ಹಿಡಿಯ ಸಲಿಕೆಯಲ್ಲಿ ಮೇಲಿನಿಂದಲೇ ಎತ್ತಿಸಿ. ಚಪ್ಪಡಿ ಮುಚ್ಚಿದ, ಕೊಳಚೆ ಬೆರೆತ ಮೋರಿಯೊಳಗೆ ಯಾರನ್ನೂ ಇಳಿಸಬೇಡಿ, ಎಷ್ಟು ಕೂಲಿಗೂ ಬೇಡ. ಒಳಗಿನ ಗಾಳಿ ಪ್ರಾಣ ತೆಗೆಯುತ್ತದೆ. ಅಂಥದ್ದಕ್ಕೆ ಪಾಲಿಕೆಯ 1533ಕ್ಕೆ ಕರೆ ಮಾಡಿ ದೂರು ಸಂಖ್ಯೆ ತೆಗೆದುಕೊಳ್ಳಿ. ಕೊಳಚೆ ಉಕ್ಕುತ್ತಿದ್ದರೆ ಜಲಮಂಡಳಿಯ 1916. ಎತ್ತಿದ ಹೂಳನ್ನು ಮೋರಿ ದಂಡೆಯಲ್ಲೇ ರಾಶಿ ಹಾಕುವುದು ನಮ್ಮ ಊರಿನ ಕೆಟ್ಟ ಅಭ್ಯಾಸ. ಮಳೆ ಬಂದರೆ ಮತ್ತೆ ಅದೇ ಮೋರಿಗೆ ಜಾರುತ್ತದೆ, ಎತ್ತಿದವರ ಬೆವರೂ ವ್ಯರ್ಥ. ಎತ್ತಿದ ದಿನವೇ ಗಾಡಿಗೆ ತುಂಬಿಸಿ.

ಆ ಗಾಡಿ ಬಂದಾಗ ಎದುರುಮನೆಯವರ ಗೇಟಿನ ಮುಂದೆ ಒಣಗಿ ಹೆಪ್ಪುಗಟ್ಟಿದ ಕೆಂಪು ಮಣ್ಣನ್ನೂ ಕೆರೆಸಿ ತುಂಬಿಸಿ. ಆಮೇಲೆ ಅವರ ಬಾಗಿಲಿಗೆ ಹೋಗಿ, ಟಾರ್ಪಾಲು ಹಾರಿದ್ದು ಕಂಡರೆ ಯಾವ ಹೊತ್ತಾದರೂ ಫೋನ್ ಮಾಡಿ ಎಂದು ನಿಮ್ಮ ನಂಬರ್ ಕೊಟ್ಟು ಬನ್ನಿ. ರಾತ್ರಿ ಮಳೆ ಬಂದಾಗ ಸೈಟಿನ ಎದುರು ಇರುವವರು ಅವರೇ.